ಜಪಾನ್ ಸರ್ಕಾರದ ವಿದ್ಯಾರ್ಥಿವೇತನ: ಒಂದು ವರ್ಷ ಮೊದಲೇ ಶುರು ಮಾಡಿ, ಹೀಗೆ ಅರ್ಜಿ ಹಾಕಿ

ಪ್ರತಿ ವರ್ಷ ಬೇಸಿಗೆ ರಜೆಯ ಹೊತ್ತಿಗೆ ನನಗೆ ಒಂದೇ ಥರದ ಮೆಸೇಜ್‌ಗಳು ಬರುತ್ತವೆ. "ಸರ್, ಜಪಾನ್ ಗವರ್ನಮೆಂಟ್ ಸ್ಕಾಲರ್‌ಶಿಪ್ ಕರೆದಿದ್ದಾರೆ. ಇನ್ನು ಮೂರು ವಾರ ಇದೆ. ಹಾಕಬಹುದಾ?"

ಹಾಕಬಹುದು. ತಡೆಯುವವರು ಯಾರೂ ಇಲ್ಲ. ಆದರೆ ಮೂರು ವಾರದಲ್ಲಿ ಟ್ರಾನ್ಸ್‌ಕ್ರಿಪ್ಟ್ ಬರುವುದಿಲ್ಲ. ಶಿಫಾರಸು ಪತ್ರ ಕೊಡಬೇಕಾದ ಮೇಡಂ ಮೌಲ್ಯಮಾಪನಕ್ಕೆ ಹೋಗಿರುತ್ತಾರೆ. ಸಂಶೋಧನಾ ಯೋಜನೆಯನ್ನು ಒಂದೇ ರಾತ್ರಿಯಲ್ಲಿ ಬರೆಯಬೇಕಾಗುತ್ತದೆ. ನಾನು ಕಾಲೇಜಿನಲ್ಲಿ ಪಾಠ ಮಾಡುವವನು, ಹಾಸನ, ಕೊಡಗು, ಚಿಕ್ಕಮಗಳೂರು ಕಡೆಯ ಮಕ್ಕಳ ಅರ್ಜಿಗಳನ್ನು ನೋಡಿಕೊಡುತ್ತಾ ಬಂದಿದ್ದೇನೆ. ಅವರಲ್ಲಿ ಬುದ್ಧಿಗೆ ಕೊರತೆ ಇಲ್ಲ. ತಡವಾಗಿ ಶುರು ಮಾಡಿದ್ದಕ್ಕೇ ಜಾಸ್ತಿ ಜನ ಸೋತಿದ್ದಾರೆ. ಅದಕ್ಕೇ ಈ ಬರಹದಲ್ಲಿ ಒಂದು ವರ್ಷ ಹಿಂದಿನಿಂದ ಶುರು ಮಾಡುತ್ತೇನೆ.

ಇದನ್ನು ಕೊಡುವವರು ಯಾರು, ಏನು ಕೊಡುತ್ತಾರೆ

ಜಪಾನಿನಲ್ಲಿ ಶಿಕ್ಷಣ, ಸಂಸ್ಕೃತಿ, ಕ್ರೀಡೆ, ವಿಜ್ಞಾನ ಮತ್ತು ತಂತ್ರಜ್ಞಾನ ಎಲ್ಲಕ್ಕೂ ಸೇರಿ ಒಂದೇ ಸಚಿವಾಲಯ ಇದೆ. ಜಪಾನಿ ಭಾಷೆಯಲ್ಲಿ ಮೊಂಬುಕಗಕುಶೋ. ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಸೇರಿಸಿ ಎಲ್ಲರೂ 'ಮೆಕ್ಸ್ಟ್' ಅನ್ನುತ್ತಾರೆ. 2001ರಲ್ಲಿ ಹಳೆಯ ಶಿಕ್ಷಣ ಸಚಿವಾಲಯ ಮತ್ತು ವಿಜ್ಞಾನ ತಂತ್ರಜ್ಞಾನ ಸಂಸ್ಥೆಯನ್ನು ಸೇರಿಸಿ ಇದನ್ನು ಮಾಡಿದರು. ವಿದ್ಯಾರ್ಥಿವೇತನ ಮಾತ್ರ ಅದಕ್ಕಿಂತ ಹಳೆಯದು. 1954ರಿಂದಲೂ ಹೊರದೇಶದ ವಿದ್ಯಾರ್ಥಿಗಳಿಗೆ ಜಪಾನ್ ಸರ್ಕಾರ ಇದನ್ನು ಕೊಡುತ್ತಿದೆ.

ಬೋಧನಾ ಶುಲ್ಕ, ಪ್ರವೇಶ ಶುಲ್ಕ, ಪ್ರವೇಶ ಪರೀಕ್ಷೆಯ ಶುಲ್ಕ ಇಲ್ಲ. ಹೋಗುವ ಮತ್ತು ಓದು ಮುಗಿಸಿ ಬರುವ ವಿಮಾನದ ಟಿಕೆಟ್ ಅವರದ್ದೇ. ಅದರ ಮೇಲೆ ತಿಂಗಳ ಖರ್ಚಿಗೆ ಹಣ. ಇತ್ತೀಚಿನ ವರ್ಷಗಳ ಪ್ರಕಟಣೆಗಳ ಪ್ರಕಾರ ಸಂಶೋಧನಾ ವಿದ್ಯಾರ್ಥಿಗೆ 143,000 ಯೆನ್, ಸ್ನಾತಕೋತ್ತರಕ್ಕೆ 144,000, ಪಿಎಚ್‌ಡಿಗೆ 145,000. ಪದವಿ ವಿದ್ಯಾರ್ಥಿಗೆ 117,000. ಕೆಲವು ಊರುಗಳಲ್ಲಿ ಎರಡು ಮೂರು ಸಾವಿರ ಯೆನ್ ಮೇಲೆ ಸೇರುತ್ತದೆ. ನಮ್ಮ ಲೆಕ್ಕದಲ್ಲಿ 144,000 ಯೆನ್ ಅಂದರೆ 80 ಸಾವಿರ ರೂಪಾಯಿಯ ಆಸುಪಾಸು, ದರ ಏರಿಳಿದ ಹಾಗೆ ಹೆಚ್ಚು ಕಡಿಮೆ ಆಗುತ್ತದೆ. ವಿಶ್ವವಿದ್ಯಾಲಯದ ಹಾಸ್ಟೆಲ್ ಸಿಕ್ಕರೆ ಒಬ್ಬರಿಗೆ ನೆಮ್ಮದಿಯಾಗಿ ಸಾಕು. ಹೆಂಡತಿ, ಗಂಡ, ಮಕ್ಕಳನ್ನು ಕರೆದುಕೊಂಡು ಹೋಗುವುದಾದರೆ ಅವರ ಖರ್ಚು ಪೂರ್ತಿ ನಿಮ್ಮದು.

ಅರ್ಜಿಗೆ ಒಂದು ರೂಪಾಯಿಯೂ ಶುಲ್ಕ ಇಲ್ಲ. ಫಾರಂ ಎಲ್ಲರಿಗೂ ಸಿಗುತ್ತದೆ, ಮಧ್ಯವರ್ತಿ ಬೇಕಿಲ್ಲ. "ಸೀಟು ಮಾಡಿಸಿಕೊಡುತ್ತೇವೆ" ಎಂದು ಹಣ ಕೇಳುವವರು ಸಿಕ್ಕರೆ ಅಲ್ಲಿಂದ ಎದ್ದು ಬನ್ನಿ.

ಏಳು ಬಗೆಯಲ್ಲಿ ನಿಮ್ಮದು ಯಾವುದು

ಪಿಯುಸಿ ಮುಗಿಸಿದವರಿಗೆ ಮೂರು ಆಯ್ಕೆ ಇವೆ. ಪದವಿ, ಕೋಸೆನ್ ಮತ್ತು ವೃತ್ತಿ ಕಾಲೇಜು. ಕೋಸೆನ್ ಅಂದರೆ ನಮ್ಮ ಡಿಪ್ಲೊಮಾಗೆ ಹತ್ತಿರದ ತಾಂತ್ರಿಕ ಕಾಲೇಜು. ಮೂರಕ್ಕೂ ಮೊದಲ ಒಂದು ವರ್ಷ ಬರೀ ಜಪಾನಿ ಭಾಷೆ ಮತ್ತು ತಯಾರಿ. ಆಮೇಲೆ ಪದವಿಗೆ ನಾಲ್ಕು ವರ್ಷ, ಕೋಸೆನ್‌ಗೆ ಮೂರು, ವೃತ್ತಿ ಕಾಲೇಜಿಗೆ ಎರಡು. ಪಾಠ ಜಪಾನಿ ಭಾಷೆಯಲ್ಲೇ ನಡೆಯುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳಿಗೆ ಇದನ್ನು ಒತ್ತಿ ಹೇಳುತ್ತೇನೆ. ಅಲ್ಲಿ ಎಲ್ಲರೂ ಭಾಷೆಯನ್ನು ಸೊನ್ನೆಯಿಂದಲೇ ಕಲಿಯುತ್ತಾರೆ. ಇಂಗ್ಲಿಷ್ ಶಾಲೆಯ ಮಕ್ಕಳು ನಿಮಗಿಂತ ಮುಂದೆ ಇರುತ್ತಾರೆ ಅನ್ನೋ ಭಯ ಬೇಡ.

ಶಿಕ್ಷಕರಿಗೂ ಒಂದು ಯೋಜನೆ ಇದೆ. ನಮ್ಮ ಸರ್ಕಾರಿ ಶಾಲೆಯ ಮೇಷ್ಟ್ರುಗಳಲ್ಲಿ ಇದು ಬಹಳ ಜನಕ್ಕೆ ಗೊತ್ತೇ ಇಲ್ಲ, ನನಗೆ ಅದೇ ಬೇಸರ. ಪ್ರಾಥಮಿಕ ಅಥವಾ ಪ್ರೌಢಶಾಲೆಯಲ್ಲಿ, ಇಲ್ಲವೇ ಶಿಕ್ಷಕರ ತರಬೇತಿ ಸಂಸ್ಥೆಯಲ್ಲಿ ಐದು ವರ್ಷ ಪಾಠ ಮಾಡಿರಬೇಕು. ವಯಸ್ಸು 35ರ ಒಳಗಿರಬೇಕು. ಸುಮಾರು ಒಂದೂವರೆ ವರ್ಷ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಶಿಕ್ಷಣ ವಿಧಾನವನ್ನು ಕಲಿತು ಬರಬಹುದು. ಪದವಿ ಸಿಗುವುದಿಲ್ಲ, ಅನುಭವ ಸಿಗುತ್ತದೆ. ಇಲಾಖೆಯ ಅನುಮತಿ ಮತ್ತು ರಜೆಯ ವಿಷಯವನ್ನು ಮೊದಲೇ ಲಿಖಿತವಾಗಿ ಇತ್ಯರ್ಥ ಮಾಡಿಕೊಳ್ಳಿ.

ಜಪಾನಿ ಭಾಷೆಯನ್ನೇ ಪದವಿಯಲ್ಲಿ ಓದುತ್ತಿರುವವರಿಗೆ ಸುಮಾರು ಒಂದು ವರ್ಷದ ಬೇರೆ ಯೋಜನೆ ಇದೆ. ಯುವ ಅಧಿಕಾರಿಗಳಿಗೆ 'ಯಂಗ್ ಲೀಡರ್ಸ್ ಪ್ರೋಗ್ರಾಂ' ಇದೆ, ಅದಕ್ಕೆ ಗೊತ್ತುಮಾಡಿದ ಸಂಸ್ಥೆಗಳೇ ಹೆಸರು ಕಳಿಸಬೇಕು.

ಉಳಿದಿದ್ದು ಸಂಶೋಧನಾ ವಿದ್ಯಾರ್ಥಿ ಯೋಜನೆ. ಬಿಇ, ಬಿಎಸ್‌ಸಿ, ಎಂಎ, ಎಂಎಸ್‌ಸಿ ಮುಗಿಸಿದವರು ಹೆಚ್ಚಾಗಿ ಹಾಕುವುದು ಇದಕ್ಕೇ. ಮುಂದಿನ ಹಂತಗಳನ್ನು ಇದನ್ನು ಇಟ್ಟುಕೊಂಡೇ ಹೇಳುತ್ತೇನೆ. ವಯಸ್ಸಿನ ಮಿತಿಯನ್ನು ಹುಟ್ಟಿದ ತಾರೀಖಿನ ಮೇಲೆ ನೋಡುತ್ತಾರೆ. ಉದಾಹರಣೆಗೆ 2026ರಲ್ಲಿ ಹೋಗುವವರು 1991ರ ಏಪ್ರಿಲ್ 2ರಂದು ಅಥವಾ ಆಮೇಲೆ ಹುಟ್ಟಿರಬೇಕು. ಮುಂದಿನ ವರ್ಷಗಳಿಗೆ ಒಂದೊಂದು ವರ್ಷ ಸೇರಿಸಿಕೊಳ್ಳಿ.

ಮೂರು ವರ್ಷದ ಪದವಿಯವರು ಇಲ್ಲಿ ಸ್ವಲ್ಪ ನಿಲ್ಲಿ. ಕರ್ನಾಟಕದಲ್ಲಿ 2021ರಲ್ಲಿ ನಾಲ್ಕು ವರ್ಷದ ಪದವಿ ಬಂತು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಮರಳಿದೆವು. ಜಪಾನಿನಲ್ಲಿ ಸ್ನಾತಕೋತ್ತರಕ್ಕೆ ಹಿಂದಿನಿಂದ ಕೇಳುತ್ತಿದ್ದುದು 16 ವರ್ಷದ ಓದು. ನಮ್ಮ 12 ಮತ್ತು 3 ಸೇರಿದರೆ 15 ಮಾತ್ರ ಆಗುತ್ತದೆ. ಹೊರದೇಶದ ಮಾನ್ಯತೆ ಪಡೆದ ವಿಶ್ವವಿದ್ಯಾಲಯದ ಮೂರು ವರ್ಷದ ಪದವಿಯನ್ನೂ ಒಪ್ಪಬಹುದು ಎಂದು ಅಲ್ಲಿನ ನಿಯಮ ಈಗ ಸಡಿಲ ಆಗಿದೆ. ಆದರೂ ಸೇರಿಸಿಕೊಳ್ಳುವುದು ಆಯಾ ವಿಶ್ವವಿದ್ಯಾಲಯ. ಹಾಗಾಗಿ "ನನ್ನದು ಮೂರು ವರ್ಷದ ಪದವಿ, ನಾನು ಅರ್ಹನೇ?" ಎಂದು ಅವರ ಪ್ರವೇಶ ವಿಭಾಗಕ್ಕೆ ಇಮೇಲ್ ಮಾಡಿ. ಬಂದ ಉತ್ತರವನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಈ ಒಂದು ಇಮೇಲ್ ಮುಂದೆ ಬಹಳ ಕಷ್ಟ ತಪ್ಪಿಸುತ್ತದೆ.

ಎರಡು ದಾರಿ, ಒಂದನ್ನೇ ಹಿಡಿಯಬೇಕು

ಒಂದು ರಾಯಭಾರ ಕಚೇರಿಯ ಶಿಫಾರಸಿನ ದಾರಿ. ದೆಹಲಿಯ ಜಪಾನ್ ರಾಯಭಾರ ಕಚೇರಿ ಭಾರತಕ್ಕೆಲ್ಲ ಪ್ರಕಟಣೆ ಹೊರಡಿಸುತ್ತದೆ. ಕರ್ನಾಟಕಕ್ಕೆ ಬೆಂಗಳೂರಿನಲ್ಲೇ ಜಪಾನ್ ಕಾನ್ಸುಲೇಟ್ ಇದೆ. ಅರ್ಜಿಯನ್ನು ಎಲ್ಲಿಗೆ, ಯಾವ ರೂಪದಲ್ಲಿ ಕಳಿಸಬೇಕು ಅನ್ನುವುದನ್ನು ಆ ವರ್ಷದ ಪ್ರಕಟಣೆಯಲ್ಲೇ ನೋಡಿ. ಕಳೆದ ವರ್ಷ ಹೋದವರ ಮಾತಿನ ಮೇಲೆ ಹೋಗಬೇಡಿ.

ಇನ್ನೊಂದು ವಿಶ್ವವಿದ್ಯಾಲಯದ ಶಿಫಾರಸಿನ ದಾರಿ. ಇದರಲ್ಲಿ ನೇರವಾಗಿ ಜಪಾನಿನ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕುತ್ತೀರಿ, ಅವರು ನಿಮ್ಮ ಹೆಸರನ್ನು ಸಚಿವಾಲಯಕ್ಕೆ ಕಳಿಸುತ್ತಾರೆ. ಅರ್ಜಿಯ ಕಾಲ ಸಾಮಾನ್ಯವಾಗಿ ಚಳಿಗಾಲ, ಹೊರಡುವುದು ಶರತ್ಕಾಲಕ್ಕೆ. ಅಂಕಗಳ ಲೆಕ್ಕ ಇಲ್ಲಿ ಬಿಗಿ. ಸಚಿವಾಲಯದ 3.00 ಅಳತೆಯಲ್ಲಿ ಕನಿಷ್ಠ 2.30 ಬೇಕು, ಭಾಷಾ ಮಟ್ಟಕ್ಕೂ ಪುರಾವೆ ಬೇಕು.

ಒಂದೇ ವರ್ಷದ ಆಯ್ಕೆಗೆ ಎರಡೂ ಕಡೆ ಹಾಕಿದರೆ ಅನರ್ಹರಾಗುತ್ತೀರಿ. ಈಗಾಗಲೇ ಒಬ್ಬ ಪ್ರಾಧ್ಯಾಪಕರ ಜೊತೆ ಗಟ್ಟಿ ಸಂಪರ್ಕ ಇದ್ದರೆ ಎರಡನೆಯ ದಾರಿ ಹಿಡಿಯಿರಿ. ಇಲ್ಲದಿದ್ದರೆ ಮೊದಲನೆಯದೇ ಒಳ್ಳೆಯದು ಅನ್ನೋದು ನನ್ನ ಅಭಿಪ್ರಾಯ. ಯೋಜನೆ ಚೆನ್ನಾಗಿದ್ದರೆ ಅಲ್ಲಿ ಹೊಸಬರಿಗೂ ಜಾಗ ಇದೆ.

ಹಿಂದಿನ ಜೂನ್: ಕಾಗದ ಪತ್ರ

ಮೊದಲ ಕೆಲಸ ಹೆಸರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಹಿಂದೆಯೋ ಮುಂದೆಯೋ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅದನ್ನು ಬಿಡಿಸಿ ಅಪ್ಪನ ಹೆಸರು, ಡಿಗ್ರಿ ಸರ್ಟಿಫಿಕೇಟಿನಲ್ಲಿ ಇನ್ನೊಂದು ಥರ. ನಮ್ಮಲ್ಲಿ ಇದು ಮನೆಮನೆಯ ಕಥೆ. ಜಪಾನಿನ ಕಚೇರಿಗೆ ಇವರು ಮೂರು ಜನ. ಪಾಸ್‌ಪೋರ್ಟಿನಲ್ಲಿ ಇರುವ ಹೆಸರನ್ನೇ ಎಲ್ಲ ಫಾರಂಗಳಲ್ಲೂ ಬರೆಯಿರಿ. ವ್ಯತ್ಯಾಸ ಇದ್ದರೆ "ಈ ಎರಡೂ ಹೆಸರು ಒಬ್ಬರದ್ದೇ" ಎಂದು ಛಾಪಾ ಕಾಗದದ ಮೇಲೆ ಅಫಿಡವಿಟ್ ಮಾಡಿಸಿ ನೋಟರಿ ಹಾಕಿಸಿಕೊಳ್ಳಿ. ಪಾಸ್‌ಪೋರ್ಟ್ ಇನ್ನೂ ಮಾಡಿಸಿಲ್ಲ ಅಂದರೆ ಇವತ್ತೇ ಅರ್ಜಿ ಹಾಕಿ.

ಎರಡನೆಯದು ಟ್ರಾನ್ಸ್‌ಕ್ರಿಪ್ಟ್. ಎಲ್ಲ ಸೆಮಿಸ್ಟರಿನ ಅಂಕಗಳೂ ಒಂದೇ ಕಡೆ ಇದ್ದು, ವಿಶ್ವವಿದ್ಯಾಲಯದ ಮುದ್ರೆ ಇರುವ ದಾಖಲೆ ಇದು. ಬಿಡಿ ಅಂಕಪಟ್ಟಿಗಳ ಜೆರಾಕ್ಸ್ ಇದರ ಬದಲಿಗೆ ನಡೆಯುವುದಿಲ್ಲ. ನನ್ನ ಒಬ್ಬ ವಿದ್ಯಾರ್ಥಿನಿಗೆ ಎಲ್ಲವೂ ಸಿದ್ಧ ಇತ್ತು. ಟ್ರಾನ್ಸ್‌ಕ್ರಿಪ್ಟ್ ಮಾತ್ರ ಕೊನೆ ದಿನ ಕಳೆದು ನಾಲ್ಕು ದಿನಕ್ಕೆ ಕೈಗೆ ಬಂತು. ಒಂದು ವರ್ಷ ಹೋಯಿತು. ಅವಳ ತಪ್ಪು ಏನೂ ಇರಲಿಲ್ಲ. ಅವತ್ತಿನಿಂದ ನಾನು ಎಲ್ಲರಿಗೂ ಹೇಳುವುದು ಇಷ್ಟೇ: ಮೂರು ನಾಲ್ಕು ಪ್ರತಿ ಮೊದಲೇ ತೆಗೆಸಿ ಇಡಿ. ಹೇಗೂ ಮುಂದಿನ ವರ್ಷದ ಆಗಸ್ಟಿನಲ್ಲಿ ಜಪಾನಿನ ವಿಶ್ವವಿದ್ಯಾಲಯಗಳೂ ಕೇಳುತ್ತವೆ.

ಘಟಿಕೋತ್ಸವ ಆಗಿಲ್ಲದಿದ್ದರೆ ಪ್ರಾವಿಷನಲ್ ಸರ್ಟಿಫಿಕೇಟ್ ತೆಗೆದುಕೊಳ್ಳಿ. ಕೊನೆ ಸೆಮಿಸ್ಟರಿನಲ್ಲಿ ಇರುವವರೂ ಹಾಕಬಹುದು, ಯಾವಾಗ ಮುಗಿಯುತ್ತದೆ ಎಂಬ ಪತ್ರವನ್ನು ಕಾಲೇಜಿನಿಂದ ಪಡೆಯಬೇಕು. ಕನ್ನಡದಲ್ಲಿ ಮಾತ್ರ ಇರುವ ದಾಖಲೆಗೆ ಇಂಗ್ಲಿಷ್ ಅನುವಾದ ಜೊತೆಗಿರಲಿ. ವೈದ್ಯಕೀಯ ಪ್ರಮಾಣಪತ್ರಕ್ಕೆ ಅವರದೇ ಫಾರಂ ಇದೆ. ಅದನ್ನು ಪ್ರಿಂಟ್ ತೆಗೆದುಕೊಂಡು ಆಸ್ಪತ್ರೆಗೆ ಹೋಗಿ. ಎದೆಯ ಎಕ್ಸ್‌ರೇ ಕೂಡ ಇರುತ್ತದೆ. ಇದನ್ನು ಮಾತ್ರ ಬೇಗ ಮಾಡಿಸಬೇಡಿ, ತುಂಬಾ ಹಳೆಯದಾದರೆ ಒಪ್ಪುವುದಿಲ್ಲ.

ಶಿಫಾರಸು ಪತ್ರವನ್ನು ನಿಮ್ಮನ್ನು ಬಲ್ಲ ಮೇಷ್ಟ್ರಿಂದ ಪಡೆಯಿರಿ. ದೊಡ್ಡ ಹುದ್ದೆಯವರ ಎರಡು ಸಾಲಿನ ಹೊಗಳಿಕೆಯಿಂದ ಉಪಯೋಗ ಇಲ್ಲ. "ಈ ಹುಡುಗ ಪ್ರಾಜೆಕ್ಟಿನಲ್ಲಿ ಮಣ್ಣಿನ ಪರೀಕ್ಷೆಯನ್ನು ಮೂರು ಸಲ ಮತ್ತೆ ಮಾಡಿದ, ಮೊದಲ ಫಲಿತಾಂಶ ಅವನಿಗೆ ಸಮಾಧಾನ ಕೊಟ್ಟಿರಲಿಲ್ಲ" ಎಂದು ನಿಮ್ಮ ಪ್ರಾಜೆಕ್ಟ್ ಗೈಡ್ ಬರೆದರೆ ಅದಕ್ಕೆ ತೂಕ ಜಾಸ್ತಿ. ಅವರಿಗೆ ಒಂದು ತಿಂಗಳಾದರೂ ಸಮಯ ಕೊಡಿ.

ಆಗಸ್ಟ್‌ನಿಂದ ಡಿಸೆಂಬರ್: ಸಂಶೋಧನಾ ಯೋಜನೆ

ಎಲ್ಲ ನಿಂತಿರುವುದು ಇದರ ಮೇಲೆ. ಫಾರಂನಲ್ಲಿ ಮೂರು ವಿಷಯ ಕೇಳುತ್ತಾರೆ. ಇಲ್ಲಿಯವರೆಗೆ ಏನು ಓದಿದಿರಿ, ಜಪಾನಿನಲ್ಲಿ ಯಾವ ವಿಷಯದ ಮೇಲೆ ಕೆಲಸ ಮಾಡುತ್ತೀರಿ, ಅದನ್ನು ಹೇಗೆ ಮಾಡುತ್ತೀರಿ. ಬರೆಯಬೇಕಾದ್ದು ಎರಡೇ ಹಾಳೆ ಇರಬಹುದು, ಅದರ ಹಿಂದೆ ನಾಲ್ಕು ತಿಂಗಳ ಓದು ಬೇಕು.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಸೋಮವಾರಪೇಟೆ ಕಡೆಯ ಸಿವಿಲ್ ಎಂಜಿನಿಯರಿಂಗ್ ಹುಡುಗ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದದ್ದನ್ನು ಕಣ್ಣಾರೆ ಕಂಡವನು. ಅವನ ಮೊದಲ ಕರಡು ಹೀಗಿರುತ್ತದೆ: "ಜಪಾನ್ ತಂತ್ರಜ್ಞಾನದಲ್ಲಿ ಮುಂದುವರಿದ ದೇಶ. ನನಗೆ ಭೂಕುಸಿತದ ಬಗ್ಗೆ ಆಸಕ್ತಿ. ಅಲ್ಲಿ ಕಲಿತು ಭಾರತಕ್ಕೆ ಸೇವೆ ಸಲ್ಲಿಸುವ ಆಸೆ." ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಇದೇ ಮಾತನ್ನು ಯಾರು ಬೇಕಾದರೂ ಬರೆಯಬಹುದು. ಸೋಮವಾರಪೇಟೆಯ ಹುಡುಗನೇ ಬೇಕಿಲ್ಲ.

ಅವನಿಗೆ ಮಾತ್ರ ಗೊತ್ತಿರುವುದು ಬೇರೆ ಇದೆ. ಮಕ್ಕಂದೂರು, ಜೋಡುಪಾಲ ಕಡೆ ಯಾವ ಇಳಿಜಾರು ಕುಸಿಯಿತು, ಯಾವುದು ನಿಂತಿತು ಅನ್ನುವುದು ಗೊತ್ತು. ರಸ್ತೆಗೋ ಮನೆಗೋ ಗುಡ್ಡ ಕಡಿದಿದ್ದು ಎಲ್ಲಿ ಅನ್ನುವುದು ಗೊತ್ತು. ತೋಟದವರು ತಲೆಮಾರುಗಳಿಂದ ಮಳೆ ಅಳತೆಯನ್ನು ಪುಸ್ತಕದಲ್ಲಿ ಬರೆದಿಡುತ್ತಾರೆ ಅನ್ನುವುದೂ ಗೊತ್ತು. ಇಂಚಿನ ಲೆಕ್ಕದಲ್ಲಿ ದಿನದಿನದ ಮಳೆ! ಸಂಶೋಧಕರಿಗೆ ಅದು ಚಿನ್ನ. ಹಾಗಾದರೆ ಪ್ರಶ್ನೆಯನ್ನು ಹೀಗೆ ಇಡಬಹುದು: ಎಷ್ಟು ದಿನ ಎಷ್ಟು ಮಳೆ ಬಿದ್ದ ಮೇಲೆ ಇಂಥ ಇಳಿಜಾರು ಕುಸಿಯುತ್ತದೆ? ಕಡಿದ ಗುಡ್ಡಕ್ಕೂ ಕಡಿಯದ ಗುಡ್ಡಕ್ಕೂ ಆ ಮಿತಿಯಲ್ಲಿ ಎಷ್ಟು ವ್ಯತ್ಯಾಸ? ತೋಟಗಳ ಮಳೆ ದಾಖಲೆಯಿಂದ ಊರಿಗೆ ಮುನ್ನೆಚ್ಚರಿಕೆ ಕೊಡಬಹುದಾ?

ಈಗ ಜಪಾನ್ ಯಾಕೆ ಅನ್ನುವುದಕ್ಕೂ ಉತ್ತರ ಸಿಗುತ್ತದೆ. ಗುಡ್ಡ ಕುಸಿಯದಂತೆ, ಹೂಳು ಹರಿಯದಂತೆ ತಡೆಯುವ ವಿದ್ಯೆಗೆ ಅಲ್ಲಿ 'ಸಬೋ' ಅನ್ನುತ್ತಾರೆ. ಅದಕ್ಕೆಂದೇ 1897ರಲ್ಲಿ ಕಾನೂನು ಮಾಡಿದ ದೇಶ ಅದು. ಕ್ಯೋಟೊ ವಿಶ್ವವಿದ್ಯಾಲಯದಲ್ಲಿ ವಿಪತ್ತು ತಡೆ ಸಂಶೋಧನೆಗೆ 1951ರಿಂದಲೂ ಪ್ರತ್ಯೇಕ ಸಂಸ್ಥೆ ಇದೆ. ಮಳೆಗೆ ಕುಸಿಯುವ ಕಡಿದಾದ ಗುಡ್ಡ, ಅದರ ಬುಡದಲ್ಲೇ ಮನೆಗಳು. ಎರಡೂ ಕಡೆಯ ತೊಂದರೆ ಒಂದೇ ಥರ. ಹೀಗೆ ಬರೆದರೆ "ಮುಂದುವರಿದ ದೇಶ" ಅನ್ನುವ ಮಾತು ಬೇಕಾಗುವುದೇ ಇಲ್ಲ.

ವಿಧಾನದ ಭಾಗದಲ್ಲಿ ಕೈಗೆ ಎಟುಕುವಷ್ಟನ್ನೇ ಹೇಳಿ. ಮೊದಲ ಆರು ತಿಂಗಳು ಭಾಷೆ ಮತ್ತು ಓದು. ಆಮೇಲೆ ಮಳೆ ದಾಖಲೆ, ಉಪಗ್ರಹ ಚಿತ್ರ, ಕುಸಿದ ಜಾಗಗಳ ನಕ್ಷೆ. ನಂತರ ಲ್ಯಾಬಿನಲ್ಲಿ ಮಣ್ಣಿನ ಪರೀಕ್ಷೆ, ಮಾದರಿ, ಹೋಲಿಕೆ. ಎರಡು ವರ್ಷದಲ್ಲಿ ಪಶ್ಚಿಮ ಘಟ್ಟವನ್ನೆಲ್ಲಾ ಅಳೆಯುತ್ತೇನೆ ಅಂದರೆ ಓದುವವರು ನಂಬುವುದಿಲ್ಲ. ಎರಡು ಹಳ್ಳ, ಮೂರು ಗುಡ್ಡ ಅಂದರೆ ನಂಬುತ್ತಾರೆ.

ಇತಿಹಾಸ, ಭಾಷೆ, ವಾಣಿಜ್ಯದವರಿಗೂ ಇದೇ ಅಳತೆ. ನಿಮ್ಮ ಊರಿನಿಂದ ಮಾತ್ರ ಹುಟ್ಟಬಹುದಾದ ಪ್ರಶ್ನೆ, ಜಪಾನಿನಲ್ಲಿ ಮಾತ್ರ ಸಿಗುವ ಸಾಧನ. ಇವೆರಡೂ ಸೇರುವ ಜಾಗ ಹುಡುಕಿ. ಬರೆದಿದ್ದನ್ನು ನಿಮ್ಮ ವಿಷಯ ಗೊತ್ತಿಲ್ಲದ ಒಬ್ಬರಿಗೆ ಓದಲು ಕೊಡಿ. ಎಲ್ಲಿ ತಡವರಿಸುತ್ತಾರೋ ಅಲ್ಲಿ ತಿದ್ದಿ. ಇನ್ನೊಬ್ಬರ ಯೋಜನೆಯನ್ನು ನಕಲು ಮಾಡಬೇಡಿ, ಸಂದರ್ಶನದಲ್ಲಿ ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತೀರಿ.

ಪ್ರಾಧ್ಯಾಪಕರಿಗೆ ಬರೆಯುವುದು

ರಾಯಭಾರ ಕಚೇರಿ ದಾರಿಯಲ್ಲಿ ಅರ್ಜಿ ಹಾಕುವ ಮೊದಲೇ ಪ್ರಾಧ್ಯಾಪಕರ ಒಪ್ಪಿಗೆ ಇರಲೇಬೇಕು ಅಂತಿಲ್ಲ. ಆದರೂ ಚಳಿಗಾಲದಲ್ಲೇ ಪರಿಚಯ ಮಾಡಿಕೊಂಡರೆ ಮುಂದೆ ಆಗಸ್ಟಿನಲ್ಲಿ ಸ್ವೀಕೃತಿ ಪತ್ರ ಕೇಳುವುದು ಸಲೀಸು. ವಿಶ್ವವಿದ್ಯಾಲಯಗಳ ಜಾಲತಾಣದಲ್ಲಿ ಸಂಶೋಧಕರ ಪಟ್ಟಿ ಇರುತ್ತದೆ. 'ರಿಸರ್ಚ್‌ಮ್ಯಾಪ್' ಎಂಬ ತಾಣದಲ್ಲಿ ಜಪಾನಿನ ಸಂಶೋಧಕರ ವಿವರಗಳು ಸಿಗುತ್ತವೆ. ಅವರ ಇತ್ತೀಚಿನ ಎರಡು ಲೇಖನ ಓದಿ, ಆಮೇಲೆ ಬರೆಯಿರಿ.

ಪತ್ರ ಚಿಕ್ಕದಾಗಿರಲಿ. ಮೊದಲ ಸಾಲಿನಲ್ಲಿ ನೀವು ಯಾರು, ಯಾವ ವಿದ್ಯಾರ್ಥಿವೇತನಕ್ಕೆ ಹಾಕುತ್ತಿದ್ದೀರಿ. ಆಮೇಲೆ ಅವರ ಯಾವ ಕೆಲಸ ನಿಮ್ಮ ಪ್ರಶ್ನೆಗೆ ಹೇಗೆ ಹೊಂದುತ್ತದೆ. ಕೊನೆಗೆ ಒಂದೇ ಕೋರಿಕೆ: ಆಯ್ಕೆಯಾದರೆ ಮಾರ್ಗದರ್ಶನ ಕೊಡುವ ಸಾಧ್ಯತೆ ಇದೆಯೇ? ಯೋಜನೆಯ ಒಂದು ಪುಟ ಜೊತೆಗೆ ಇಡಿ. ಅವರ ಮನೆಹೆಸರಿಗೆ 'ಸೆನ್ಸೇ' ಸೇರಿಸಿ ಕರೆಯುವುದು ಅಲ್ಲಿನ ಮರ್ಯಾದೆ, ನಮ್ಮ 'ಮೇಷ್ಟ್ರೇ' ಇದ್ದ ಹಾಗೆ.

ಒಂದೇ ಪತ್ರವನ್ನು ಇಪ್ಪತ್ತು ಜನಕ್ಕೆ ಕಳಿಸುವವರು ಇದ್ದಾರೆ. ದಯವಿಟ್ಟು ಬೇಡ. ಒಂದೇ ವಿಭಾಗದ ಇಬ್ಬರಿಗೆ ಹೋದರೆ ಅವರಿಗೆ ಗೊತ್ತಾಗಿಯೇ ಆಗುತ್ತದೆ. ಉತ್ತರ ಬರದಿದ್ದರೆ ಎರಡು ವಾರ ಬಿಟ್ಟು ಇನ್ನೊಮ್ಮೆ ವಿನಯವಾಗಿ ಕೇಳಿ. ಆಗಲೂ ಬರದಿದ್ದರೆ ಮುಂದಿನವರಿಗೆ ಬರೆಯಿರಿ.

ಭಾಷೆ: ಕನ್ನಡದವರಿಗೆ ಇದು ದೂರದ್ದಲ್ಲ

ಇಂಗ್ಲಿಷಿನಲ್ಲೇ ಸ್ನಾತಕೋತ್ತರ ಮಾಡುವ ಅವಕಾಶ ಅಲ್ಲಿ ಬಹಳ ಇದೆ. ಆದರೂ ಸ್ವಲ್ಪ ಜಪಾನಿ ಕಲಿತು ಹೋಗಿ. ವ್ಯಾಕರಣ ನೋಡಿದರೆ ನಿಮಗೇ ಆಶ್ಚರ್ಯ ಆಗುತ್ತದೆ. 'ನಾನು ಶಾಲೆಗೆ ಹೋಗುತ್ತೇನೆ' ಅನ್ನುವುದಕ್ಕೆ 'ವಾತಾಶಿ ವಾ ಗಕ್ಕೋ ನಿ ಇಕಿಮಾಸು'. ಕ್ರಿಯಾಪದ ಕೊನೆಗೆ, ನಮ್ಮ 'ಗೆ' ಇರುವ ಜಾಗದಲ್ಲಿ 'ನಿ'. 'ನಿನ್ನೆ ಓದಿದ ಪುಸ್ತಕ' ಅಂದರೆ 'ಕಿನೋ ಯೊಂದಾ ಹೊನ್'. ಒಂದೊಂದು ಪದವೂ ನಮ್ಮ ಜಾಗದಲ್ಲೇ ಕೂತಿದೆ. 'ಬರ್ತೀನಿ ಅಂತ ಹೇಳಿದ' ಅನ್ನುವಲ್ಲಿನ 'ಅಂತ'ಕ್ಕೂ ಅವರಲ್ಲಿ 'ತೊ' ಇದೆ. ಇಂಗ್ಲಿಷಿನ ಮೂಲಕ ಕಲಿಯಲು ಹೋದರೆ ವಾಕ್ಯವನ್ನು ತಿರುಗಿಸಿ ಹಾಕಬೇಕು. ಕನ್ನಡದ ಮೂಲಕ ಕಲಿತರೆ ಸುಮ್ನೆ ಪದ ಬದಲಿಸಿದರೆ ಸಾಕು. ಕಷ್ಟ ಇರುವುದು ಲಿಪಿಯಲ್ಲಿ, ಅದರಲ್ಲೂ ಚೀನಾದಿಂದ ಬಂದ ಕಾಂಜಿ ಅಕ್ಷರಗಳಲ್ಲಿ.

ಬೆಂಗಳೂರಿನಲ್ಲಿ ಕಲಿಯಲು ಅನುಕೂಲ ಇದೆ. ಜಪಾನಿ ಭಾಷೆಯ ಮಟ್ಟ ಅಳೆಯುವ ಜೆಎಲ್‌ಪಿಟಿ ಪರೀಕ್ಷೆಯ ಕೇಂದ್ರವೂ ಅಲ್ಲಿದೆ. ಎನ್5 ಮೊದಲ ಮೆಟ್ಟಿಲು, ಎನ್1 ಕೊನೆಯದು. ಒಂದು ವರ್ಷ ಮುಂಚೆ ಶುರು ಮಾಡಿದರೆ ಡಿಸೆಂಬರ್ ಹೊತ್ತಿಗೆ ಎನ್5 ಬರೆಯಬಹುದು. 2005ರಿಂದ ನಡೆಯುತ್ತಿರುವ 'ಜಪಾನ್ ಹಬ್ಬ'ಕ್ಕೆ ಹೋಗಿ ಬನ್ನಿ. ಅಲ್ಲಿ ಕಲಿಯುವವರೂ ಕಲಿಸುವವರೂ ಸಿಗುತ್ತಾರೆ.

ಏಪ್ರಿಲ್‌ನಿಂದ ಜುಲೈ: ಅರ್ಜಿ, ಪರೀಕ್ಷೆ, ಸಂದರ್ಶನ

ಪ್ರಕಟಣೆ ಬಂದ ದಿನ ಮಾರ್ಗಸೂಚಿಯನ್ನು ಪೂರ್ತಿ ಓದಿ, ಎರಡು ಸಲ. ದಾಖಲೆಗಳ ಕ್ರಮ, ಪ್ರತಿಗಳ ಸಂಖ್ಯೆ ಎಲ್ಲ ಅದರಲ್ಲಿರುತ್ತದೆ. ಅವರು ಹೇಳಿದ ಕ್ರಮದಲ್ಲೇ ಜೋಡಿಸಿ. ಕೊನೆ ದಿನದೊಳಗೆ ಅಂಚೆಗೆ ಹಾಕಿದರೆ ಸಾಲದು, ಅವರ ಕೈಗೆ ತಲುಪಿರಬೇಕು.

ಆಯ್ದವರಿಗೆ ಲಿಖಿತ ಪರೀಕ್ಷೆ ಇರುತ್ತದೆ. ಸಂಶೋಧನಾ ವಿದ್ಯಾರ್ಥಿಗಳಿಗೆ ಇಂಗ್ಲಿಷ್ ಮತ್ತು ಜಪಾನಿ. ಜಪಾನಿ ಬಾರದವರೂ ಆ ಪತ್ರಿಕೆಗೆ ಕೂರಬೇಕು. ಗಾಬರಿ ಬೇಡ, ಗೊತ್ತಿದ್ದಷ್ಟು ಬರೆದು ಬನ್ನಿ. ಪದವಿಗೆ ಹೋಗುವ ಪಿಯುಸಿ ಮಕ್ಕಳಿಗೆ ಗಣಿತವೂ ಇದೆ. ವಿಜ್ಞಾನದವರಿಗೆ ರಸಾಯನಶಾಸ್ತ್ರ, ಜೊತೆಗೆ ಭೌತಶಾಸ್ತ್ರ ಅಥವಾ ಜೀವಶಾಸ್ತ್ರ. ಹಳೆಯ ಪ್ರಶ್ನೆಪತ್ರಿಕೆಗಳು ಜಪಾನ್ ಸರ್ಕಾರದ 'ಸ್ಟಡಿ ಇನ್ ಜಪಾನ್' ತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಗಡಿಯಾರ ಇಟ್ಟುಕೊಂಡು ಬರೆದು ನೋಡಿ.

ಸಂದರ್ಶನದಲ್ಲಿ ಕೇಳುವುದು ಹೆಚ್ಚಾಗಿ ಯೋಜನೆಯ ಬಗ್ಗೆಯೇ. ಈ ಪ್ರಶ್ನೆ ಯಾಕೆ, ಇದನ್ನು ಭಾರತದಲ್ಲೇ ಮಾಡಬಹುದಲ್ಲ, ಈ ಪ್ರಾಧ್ಯಾಪಕರು ಸಿಗದಿದ್ದರೆ ಏನು ಮಾಡುತ್ತೀರಿ, ಮುಗಿಸಿ ಬಂದು ಏನು ಮಾಡುತ್ತೀರಿ. ತಯಾರಿಗೆ ನನ್ನ ಒಂದು ಪದ್ಧತಿ ಇದೆ. ನಿಮ್ಮ ಯೋಜನೆಯನ್ನು ಮನೆಯಲ್ಲಿ ಅಜ್ಜಿಗೋ ಅಮ್ಮನಿಗೋ ಕನ್ನಡದಲ್ಲಿ ಮೂರು ನಿಮಿಷದಲ್ಲಿ ಹೇಳಿ. ಅವರು ತಿರುಗಿ ಒಂದು ಪ್ರಶ್ನೆ ಕೇಳಿದರೆ ನಿಮ್ಮ ಮಾತು ಮುಟ್ಟಿದೆ. ಆಮೇಲೆ ಇಂಗ್ಲಿಷಿನಲ್ಲಿ ಹೇಳುವುದು ಕಷ್ಟ ಆಗುವುದಿಲ್ಲ. ಉಚ್ಚಾರಣೆಯ ಚಿಂತೆ ಬಿಡಿ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅನ್ನಿ, ಅದನ್ನು ಹೇಗೆ ತಿಳಿದುಕೊಳ್ಳುತ್ತೀರಿ ಅನ್ನುವುದನ್ನೂ ಸೇರಿಸಿ ಹೇಳಿ.

ಆಗಸ್ಟ್: ಸ್ವೀಕೃತಿ ಪತ್ರದ ಓಟ

ಮೊದಲ ಹಂತ ಪಾಸಾದರೆ ಅದಕ್ಕೊಂದು ಪ್ರಮಾಣಪತ್ರ, ಮುದ್ರೆ ಹಾಕಿದ ದಾಖಲೆಗಳು ನಿಮ್ಮ ಕೈಗೆ ಬರುತ್ತವೆ. ಸಿಹಿ ಹಂಚಿ ಕೂರುವ ಹೊತ್ತು ಇದಲ್ಲ. ಅವನ್ನು ಇಟ್ಟುಕೊಂಡು ಜಪಾನಿನ ವಿಶ್ವವಿದ್ಯಾಲಯಗಳಿಂದ ತಾತ್ಕಾಲಿಕ ಸ್ವೀಕೃತಿ ಪತ್ರ ಕೇಳಬೇಕು. ಇದಕ್ಕೆ ಕೊನೆ ದಿನ ಸಾಮಾನ್ಯವಾಗಿ ಆಗಸ್ಟ್ ಮುಗಿಯುವ ಹೊತ್ತು, ಎಷ್ಟೋ ವಿಶ್ವವಿದ್ಯಾಲಯಗಳು ಅದಕ್ಕೂ ಮೊದಲೇ ನಿಲ್ಲಿಸುತ್ತವೆ. ಆಗಸ್ಟ್ ನಡುವೆ ಅಲ್ಲಿ ಓಬೋನ್ ಹಬ್ಬ, ನಮ್ಮ ಪಿತೃಪಕ್ಷದ ಥರ ಹಿರಿಯರನ್ನು ನೆನೆಯುವ ದಿನಗಳು. ಕಚೇರಿಗಳು ಬಾಗಿಲು ಹಾಕಿರುತ್ತವೆ. ಆ ವಾರವನ್ನು ಲೆಕ್ಕದಿಂದ ಕಳೆದುಬಿಡಿ.

ಒಂದೇ ಹೊತ್ತಿಗೆ ಎರಡಕ್ಕಿಂತ ಹೆಚ್ಚು ವಿಶ್ವವಿದ್ಯಾಲಯಗಳಿಗೆ ಕೇಳುವಂತಿಲ್ಲ. ಒಂದು ಕಡೆ ಬೇಡ ಅಂದ ಮೇಲೆ ಮತ್ತೊಂದು. ಮೊದಲೇ ಪ್ರಾಧ್ಯಾಪಕರ ಪರಿಚಯ ಇದ್ದವರಿಗೆ ಇಲ್ಲಿ ಅದರ ಬೆಲೆ ಗೊತ್ತಾಗುತ್ತದೆ. ಪತ್ರ ಬಂದ ಮೇಲೆ ಆದ್ಯತೆಯ ಪಟ್ಟಿಯ ಜೊತೆ ರಾಯಭಾರ ಕಚೇರಿಗೆ ಕಳಿಸಿ. ಕೊನೆಯ ನಿರ್ಧಾರ ಟೋಕಿಯೊದ್ದು, ಅದು ಬರುವುದು ಚಳಿಗಾಲದಲ್ಲಿ. ಅಲ್ಲಿಯವರೆಗೆ ಕೆಲಸಕ್ಕೆ ರಾಜೀನಾಮೆ ಕೊಡಬೇಡಿ.

ಕಲಾವಿದರು, ಆಟಗಾರರು, ಶಾಲೆಗಳು

ಯಕ್ಷಗಾನದವರು, ಸಂಗೀತದವರು ಕೇಳುತ್ತಾರೆ, ನಮಗೆ ಇದರಲ್ಲಿ ಜಾಗ ಇದೆಯಾ ಅಂತ. ರಂಗಭೂಮಿ, ಸಂಗೀತದ ಬಗ್ಗೆ ಸಂಶೋಧನೆ ಮಾಡಬಹುದು. ಆದರೆ ಕಬುಕಿ, ಜಪಾನಿ ಶಾಸ್ತ್ರೀಯ ನೃತ್ಯದಂಥ ಕಲೆಯನ್ನು ಅಭ್ಯಾಸ ಮಾಡಿ ಕಲಿಯಲು ಸಂಶೋಧನಾ ವಿದ್ಯಾರ್ಥಿವೇತನ ಸಿಗುವುದಿಲ್ಲ, ಮಾರ್ಗಸೂಚಿಯಲ್ಲೇ ಹಾಗೆ ಬರೆದಿದ್ದಾರೆ. ಕಲೆಯ ವಿನಿಮಯಕ್ಕೆ ನೋಡಬೇಕಾದ್ದು ಜಪಾನ್ ಫೌಂಡೇಶನ್. ಅದು 1972ರಲ್ಲಿ ಶುರುವಾಯಿತು, ಅಲ್ಲಿನ ವಿದೇಶಾಂಗ ಸಚಿವಾಲಯದ ಅಡಿಯಲ್ಲಿದೆ, ದೆಹಲಿಯಲ್ಲಿ ಕಚೇರಿ ಇದೆ. ಫೆಲೋಶಿಪ್, ಕಾರ್ಯಕ್ರಮಗಳಿಗೆ ನೆರವು, ಜಪಾನಿ ಕಲಿಸುವ ಶಿಕ್ಷಕರಿಗೆ ತರಬೇತಿ ಅದರ ಕೆಲಸಗಳು. ನನ್ನ ಸಲಹೆ ಒಂದೇ. ಮೊದಲು ಜಪಾನಿನಲ್ಲಿ ನಿಮ್ಮನ್ನು ಬರಮಾಡಿಕೊಳ್ಳುವ ತಂಡವನ್ನೋ ವಿಶ್ವವಿದ್ಯಾಲಯವನ್ನೋ ಗೊತ್ತುಮಾಡಿಕೊಳ್ಳಿ, ಆಮೇಲೆ ನೆರವು ಕೇಳಿ.

ಕ್ರೀಡೆಗೆ 2015ರ ಅಕ್ಟೋಬರಿನಲ್ಲಿ ಇದೇ ಸಚಿವಾಲಯದ ಅಡಿಯಲ್ಲಿ ಕ್ರೀಡಾ ಏಜೆನ್ಸಿ ಬಂತು. ಟೋಕಿಯೊ ಒಲಿಂಪಿಕ್ಸ್‌ಗೆ ಮುಂಚೆ 2014ರಿಂದ 'ಸ್ಪೋರ್ಟ್ ಫಾರ್ ಟುಮಾರೊ' ಎಂಬ ಯೋಜನೆಯಲ್ಲಿ ನೂರಕ್ಕೂ ಹೆಚ್ಚು ದೇಶಗಳ ಜೊತೆ ಕ್ರೀಡಾ ವಿನಿಮಯ ಮಾಡಿದರು. ನಮ್ಮ ದೈಹಿಕ ಶಿಕ್ಷಣದ ಪದವೀಧರರಿಗೆ ಹತ್ತಿರದ ದಾರಿ ಅಂದರೆ ಸಂಶೋಧನಾ ವಿದ್ಯಾರ್ಥಿವೇತನವೇ. ಕ್ರೀಡಾ ವಿಜ್ಞಾನಕ್ಕೆ ತ್ಸುಕುಬಾ ವಿಶ್ವವಿದ್ಯಾಲಯ, ಕಗೋಶಿಮಾದ ಕನೋಯಾ ಕ್ರೀಡಾ ವಿಶ್ವವಿದ್ಯಾಲಯ ನೋಡಿ. ಬಿಪಿಎಡ್, ಎಂಪಿಎಡ್ ಮಾಡಿದವರು ಇದಕ್ಕೆ ಅರ್ಜಿ ಹಾಕುವುದೇ ಕಡಿಮೆ. ಕಬಡ್ಡಿ ಆಟಗಾರರ ಮೊಣಕಾಲಿನ ಗಾಯದ ಬಗ್ಗೆ ಮಂಡ್ಯದ ಒಬ್ಬ ಪಿಇ ಮೇಷ್ಟ್ರಿಗೆ ಗೊತ್ತಿರುವಷ್ಟು ಜಪಾನಿನ ಲ್ಯಾಬಿನಲ್ಲಿ ಯಾರಿಗೆ ಗೊತ್ತು? ಅದೇ ಒಂದು ಯೋಜನೆ ಆಗಬಹುದು.

ಶಾಲಾ ಮಕ್ಕಳಿಗೆ 2014ರಲ್ಲಿ ಶುರುವಾದ ಸಕುರಾ ವಿಜ್ಞಾನ ವಿನಿಮಯ ಇದೆ, ಕೆಲವು ದಿನಗಳ ಭೇಟಿ. ಇದಕ್ಕೆ ಮಕ್ಕಳನ್ನು ನಮ್ಮ ಶಿಕ್ಷಣ ಇಲಾಖೆಗಳ ಮೂಲಕ ಆರಿಸುತ್ತಾರೆ, ಮನೆಯಿಂದ ಅರ್ಜಿ ಹಾಕುವಂಥದ್ದಲ್ಲ.

ಹೊರಡುವ ಮುನ್ನ, ಹೋದ ಮೇಲೆ

ಸುಮಾರು 2,000 ಡಾಲರಿನಷ್ಟು ಹಣ ಜೊತೆಗೆ ತನ್ನಿ ಎಂದು ಮಾರ್ಗಸೂಚಿಯೇ ಹೇಳುತ್ತದೆ. ಮೊದಲ ತಿಂಗಳ ಹಣ ಕೈಗೆ ಬರಲು ಸಮಯ ಹಿಡಿಯುತ್ತದೆ. ಹಾಸ್ಟೆಲ್ ಸಿಗದಿದ್ದರೆ ಬಾಡಿಗೆ ಮನೆಗೆ ಮುಂಗಡದ ಜೊತೆ 'ರೇಯ್‌ಕಿನ್' ಎಂದು ವಾಪಸ್ ಬಾರದ ಹಣವನ್ನೂ ಕೆಲವರು ಕೇಳುತ್ತಾರೆ. ಈ ಮೊತ್ತವನ್ನು ಮನೆಯಲ್ಲಿ ಒಂದು ವರ್ಷ ಮೊದಲೇ ಮಾತಾಡಿಕೊಳ್ಳಿ. ಎಲ್ಲ ಉಚಿತ ಅಂದುಕೊಂಡು ಕೊನೆಗೆ ಸಾಲಕ್ಕೆ ಓಡಾಡಿದವರನ್ನು ನೋಡಿದ್ದೇನೆ.

ಹೋದ ತಕ್ಷಣ ನೀವು ಸ್ನಾತಕೋತ್ತರ ವಿದ್ಯಾರ್ಥಿ ಆಗದೇ ಇರಬಹುದು. ಬಹಳ ಜನ ಮೊದಲು 'ಕೆನ್‌ಕ್ಯೂಸೇ', ಅಂದರೆ ಪದವಿ ಇಲ್ಲದ ಸಂಶೋಧನಾ ವಿದ್ಯಾರ್ಥಿಯಾಗಿ ಸೇರುತ್ತಾರೆ. ಏಪ್ರಿಲಿನಲ್ಲಿ ಹೋದವರಿಗೆ ಎರಡು ವರ್ಷದವರೆಗೆ, ಅಕ್ಟೋಬರಿನಲ್ಲಿ ಹೋದವರಿಗೆ ಒಂದೂವರೆ ವರ್ಷದವರೆಗೆ ಹೀಗಿರಬಹುದು. ಆ ಹೊತ್ತಿನೊಳಗೆ ಪ್ರವೇಶ ಪರೀಕ್ಷೆ ಪಾಸು ಮಾಡಿ, ವಿದ್ಯಾರ್ಥಿವೇತನದ ವಿಸ್ತರಣೆಗೆ ಅರ್ಜಿ ಹಾಕಬೇಕು. ಅದು ತಾನಾಗಿ ಮುಂದುವರಿಯುವುದಿಲ್ಲ. ಸೇರಿದ ವಾರವೇ ಕೊನೆ ದಿನಗಳನ್ನು ಕೇಳಿ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

ಬಂದ 14 ದಿನದೊಳಗೆ ಊರಿನ ನಗರಸಭೆಯಲ್ಲಿ ವಿಳಾಸ ನೋಂದಾಯಿಸಿ, ರಾಷ್ಟ್ರೀಯ ಆರೋಗ್ಯ ವಿಮೆಗೆ ಸೇರಿ. ಆಸ್ಪತ್ರೆ ಬಿಲ್ಲಿನ ಶೇಕಡಾ 70 ವಿಮೆಯದ್ದು, 30 ನಿಮ್ಮದು. ಬಿಡುವಿನಲ್ಲಿ ಕೆಲಸ ಮಾಡುವ ಆಸೆ ಇದ್ದರೆ ಮೊದಲು ಅನುಮತಿ ಪಡೆಯಬೇಕು. ಪಾಠ ನಡೆಯುವ ದಿನಗಳಲ್ಲಿ ವಾರಕ್ಕೆ 28 ಗಂಟೆ ದಾಟುವಂತಿಲ್ಲ.

ಇನ್ನೊಂದು. ಪ್ರತಿ ತಿಂಗಳು ವಿಶ್ವವಿದ್ಯಾಲಯದ ಕಚೇರಿಗೆ ಹೋಗಿ ನೀವೇ ಸಹಿ ಮಾಡಬೇಕು. ಸಹಿ ತಪ್ಪಿದರೆ ಆ ತಿಂಗಳ ಹಣ ಬರುವುದಿಲ್ಲ. ದಸರೆಗೆ ಊರಿಗೆ ಬರುವ ಟಿಕೆಟ್ ತೆಗೆಯುವ ಮುಂಚೆ ಸಹಿಯ ದಿನ ಯಾವುದು ಅಂತ ನೋಡಿಕೊಳ್ಳಿ.